ಅಣ್ಣನ ಕೆಲಸ ಈಗ ಯಾರ ಪಾಲಿಗೆ?

ನಮ್ಮ ಕಡೆಯ ಯಾವ ಊರಿಗೆ ಹೋದರೂ ಬಸ್ಸು ನಿಲ್ಲುವ ಜಾಗದಲ್ಲಿ ಒಂದಾದರೂ ಶ್ರದ್ಧಾಂಜಲಿ ಫ್ಲೆಕ್ಸ್ ಇರುತ್ತದೆ. ಇತ್ತೀಚೆಗೆ ಅದರಲ್ಲಿರುವ ಮುಖಗಳಿಗೆ ವಯಸ್ಸಾಗಿರುವುದಿಲ್ಲ. ಜೀನ್ಸ್, ಕೂಲಿಂಗ್ ಗ್ಲಾಸ್, ಬೈಕಿನ ಮೇಲೆ ಒರಗಿ ನಿಂತ ಫೋಟೋ. ಕೆಳಗೆ ‘ಮತ್ತೆ ಹುಟ್ಟಿ ಬಾ ಗೆಳೆಯಾ’ ಎಂದು ಬರೆದು, ಅದರ ಕೆಳಗೆ ಫೋಟೋ ಹಾಕಿಸಿಕೊಂಡ ಇಪ್ಪತ್ತು ಮೂವತ್ತು ಜನ. ಕೆಲವು ಸಲ ತೀರಿಕೊಂಡವನ ಮುಖಕ್ಕಿಂತ ಬದುಕಿರುವವರ ಮುಖಗಳೇ ಹೆಚ್ಚು ಜಾಗ ತಿಂದಿರುತ್ತವೆ.

ನಗರಗೆರೆ ಹೋಬಳಿಯ ನಮ್ಮೂರಿನಲ್ಲೂ ಕಳೆದ ವರ್ಷ ಇಂಥದ್ದೊಂದು ಫ್ಲೆಕ್ಸ್ ಎದ್ದಿತು. ಅದರಲ್ಲಿದ್ದವರು ಊರ ಯುವಕ ಸಂಘದ ಒಬ್ಬ ಅಣ್ಣ. ಅವರ ಮನೆಯ ನೋವು ಇನ್ನೂ ಹಸಿಯಾಗಿದೆ, ಆದ್ದರಿಂದ ಹೆಸರು ಬರೆಯುವುದಿಲ್ಲ. ಆ ಕಡೆಯಿಂದ ಕಾಲೇಜಿಗೆ ಬರುವವರಿಗೆ ಯಾರೆಂದು ಗೊತ್ತಾಗುತ್ತದೆ. ಅವರು ಸಂಘದ ಅಧ್ಯಕ್ಷರಾಗಿರಲಿಲ್ಲ, ವೇದಿಕೆ ಮೇಲೆ ಕೂತವರೂ ಅಲ್ಲ. ಕುರ್ಚಿ ಜೋಡಿಸುತ್ತಿದ್ದವರು. ಆದರೂ ಊರೆಲ್ಲ ಅವರನ್ನು ಪ್ರೀತಿಸುತ್ತಿತ್ತು. ಯಾಕೆ ಪ್ರೀತಿಸುತ್ತಿತ್ತು ಎಂಬುದನ್ನು ಬರೆದರೆ, ನಾವು ಅವರನ್ನು ಹೇಗೆ ನೆನೆಯಬೇಕು ಎಂಬುದೂ ತಾನಾಗಿ ತಿಳಿಯುತ್ತದೆ ಎಂದು ನನಗನಿಸುತ್ತದೆ.

ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಅದರಲ್ಲಿ ಊರಿನವರ ಮತ್ತು ಸುತ್ತಲ ಊರುಗಳ ಹುಡುಗರ ರಕ್ತದ ಗುಂಪು, ಫೋನ್ ನಂಬರು, ಕೊನೆಯ ಸಲ ರಕ್ತ ಕೊಟ್ಟ ದಿನಾಂಕ ಬರೆದಿಡುತ್ತಿದ್ದರು. ಹೆರಿಗೆಗೆಂದು ಗೌರಿಬಿದನೂರಿಗೋ ಹಿಂದೂಪುರಕ್ಕೋ ಹೋದವರಿಗೆ ರಾತ್ರಿ ರಕ್ತ ಬೇಕಾದರೆ ಫೋನು ಅವರಿಗೇ ಹೋಗುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳಿರುವಾಗ ಸಂಘದ ಕೊಠಡಿಯಲ್ಲಿ ಸಂಜೆ ಗಣಿತ ಹೇಳಿಕೊಡುತ್ತಿದ್ದರು. ಜೂನ್ ಬಂತೆಂದರೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕೆಲಸ. ನಮ್ಮ ಊರಿನಲ್ಲಿ ಅರ್ಧ ಮನೆಗಳಲ್ಲಿ ತೆಲುಗು, ನಮ್ಮ ಓಣಿಯಲ್ಲಿ ಉರ್ದು, ಅರ್ಜಿಯೆಲ್ಲ ಕನ್ನಡ ಇಲ್ಲವೇ ಇಂಗ್ಲಿಷ್. ನನ್ನ ಅಮ್ಮಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಟಿ.ಸಿ.ಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ಎಂದು ಅರ್ಜಿ ವಾಪಸ್ ಬಂದ ಮಕ್ಕಳು ನಮ್ಮ ಓಣಿಯಲ್ಲಿ ಎಷ್ಟೋ ಜನ. ಯಾವ ಕಾಗದ ಮೊದಲು ಸರಿಮಾಡಿಸಬೇಕು ಎಂದು ಆ ಅಣ್ಣ ನಮ್ಮ ಬಾಗಿಲಲ್ಲೇ ನಿಂತು ತಿಳಿಸಿ ಹೇಳುತ್ತಿದ್ದರು. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ರಂಜಾನ್‌ನಲ್ಲಿ ಅಮ್ಮಿ ಕೊಟ್ಟ ಶೀರ್ ಖುರ್ಮಾ ಮಾತ್ರ ತೆಗೆದುಕೊಳ್ಳುತ್ತಿದ್ದರು.

ಒಂದು ರಾತ್ರಿ ಕೆಲಸ ಮುಗಿಸಿ ಬರುವಾಗ ಬೈಕಿನಿಂದ ಬಿದ್ದರು. ತಲೆಗೆ ಪೆಟ್ಟಾಯಿತು. ಹೆಲ್ಮೆಟ್ ಹಾಕಿರಲಿಲ್ಲ. ದಾರಿಹೋಕರು ನಿಂತರು, ನೋಡಿದರು, ಪೊಲೀಸ್ ಕೇಸಾದರೆ ನಮ್ಮ ತಲೆಗೆ ಬರುತ್ತದೆ ಎಂದು ಬಹಳ ಹೊತ್ತು ಯಾರೂ ಮುಟ್ಟಲಿಲ್ಲ ಎಂದು ಊರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಹೆಲ್ಮೆಟ್ ಇರಲಿಲ್ಲ ಎಂಬ ವಾಕ್ಯವನ್ನು ಬರೆಯಬೇಡ, ಸತ್ತವರ ತಪ್ಪು ಎತ್ತಿ ಆಡಬಾರದು ಎಂದು ಒಬ್ಬರು ನನಗೆ ಹೇಳಿದರು. ನಮ್ಮ ಮನೆಯಲ್ಲೂ ಹಾಗೇ ಹೇಳಿಕೊಟ್ಟಿದ್ದಾರೆ, ತೀರಿಕೊಂಡವರ ಒಳ್ಳೆಯದನ್ನೇ ಹೇಳಬೇಕು ಎಂದು. ಆದರೆ ಇದು ನಿಂದೆಯಲ್ಲ. ಆ ಒಂದು ಮಾತನ್ನು ಮುಚ್ಚಿಟ್ಟರೆ ಅವರ ಸಾವಿನಿಂದ ಕಲಿಯಬಹುದಾದ ಒಂದೇ ಪಾಠವನ್ನೂ ಮುಚ್ಚಿಟ್ಟಂತೆ.

ಹಾಗೆ ಮುಚ್ಚಿಟ್ಟದ್ದಕ್ಕೆ ಏನಾಯಿತು ನೋಡಿ. ಅವರ ನೆನಪಿಗಾಗಿ ಸಂಘದ ಹುಡುಗರು ಬೈಕ್ ರ‍್ಯಾಲಿ ಮಾಡಿದರು. ಒಂದೊಂದು ಬೈಕಿನ ಮೇಲೆ ಮೂವರು. ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಮುಂದಿನ ಬೈಕಿನಲ್ಲಿ ಅಣ್ಣನ ಫೋಟೋ. ಆ ಹುಡುಗರ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ, ಅವರಲ್ಲಿ ಎಷ್ಟೋ ಜನ ಅಳುತ್ತಿದ್ದರು. ಆದರೆ ಅವರನ್ನು ಕೊಂದ ಕಾರಣವನ್ನೇ ಮೆರವಣಿಗೆ ಮಾಡಿ ಅವರಿಗೆ ಗೌರವ ಸಲ್ಲಿಸಿದಂತಾಯಿತು.

ನಮ್ಮ ಲೆಕ್ಕಶಾಸ್ತ್ರದಲ್ಲಿ ‘ಪಾಲುದಾರನ ನಿಧನ’ ಎಂಬ ಪಾಠವಿದೆ. ಪಾಲುದಾರನೊಬ್ಬ ತೀರಿಕೊಂಡ ದಿನವೇ ಅವನ ಬಂಡವಾಳ, ಗುಡ್‌ವಿಲ್‌ನಲ್ಲಿ ಅವನ ಪಾಲು, ಮೀಸಲು ನಿಧಿಯಲ್ಲಿ ಪಾಲು, ಆ ದಿನದವರೆಗಿನ ಲಾಭ ಎಲ್ಲವನ್ನೂ ಲೆಕ್ಕ ಹಾಕಿ ವಾರಸುದಾರರ ಖಾತೆಗೆ ಬರೆಯುತ್ತೇವೆ. ಹಣ ಕೊಟ್ಟು ತೀರಿಸುವವರೆಗೆ ಅದು ಬ್ಯಾಲೆನ್ಸ್ ಶೀಟಿನ ಎಡಗಡೆ ಸಾಲವಾಗಿ ನಿಂತಿರುತ್ತದೆ. ಉಳಿದವರು ತೀರಿಸದೆ ವ್ಯಾಪಾರ ಮುಂದುವರಿಸಿದರೆ 1932ರ ಪಾಲುದಾರಿಕೆ ಕಾಯಿದೆಯ 37ನೇ ಕಲಂ ಪ್ರಕಾರ ಲಾಭದಲ್ಲಿ ಪಾಲನ್ನಾದರೂ ಕೊಡಬೇಕು, ಇಲ್ಲವೇ ವರ್ಷಕ್ಕೆ ಶೇಕಡಾ 6ರ ಬಡ್ಡಿಯನ್ನಾದರೂ ಕೊಡಬೇಕು. ಈ ಪಾಠ ಓದುವಾಗ ನನಗೆ ನೆನಪಾಗುವುದು ನಮ್ಮ ಊರು. ಊರೂ ಒಂದು ಪಾಲುದಾರಿಕೆಯೇ. ಆ ಅಣ್ಣ ಹಾಕಿದ ಬಂಡವಾಳ ಅವರ ಸಂಜೆಗಳು. ಅವರ ಗುಡ್‌ವಿಲ್ ನಮಗೆಲ್ಲ ಸಿಕ್ಕಿದೆ. ಅವರು ಹೇಳಿಕೊಟ್ಟ ಗಣಿತದಿಂದ ಪಾಸಾದವರು ಈ ಕಾಲೇಜಿನಲ್ಲೇ ಇದ್ದಾರೆ. ಆ ಸಾಲವನ್ನು ನಾವು ಯಾವ ಖಾತೆಗೆ ಬರೆದೆವು? ಫ್ಲೆಕ್ಸಿನ ಖರ್ಚಿಗೆ.

ಅದರ ಲೆಕ್ಕವನ್ನೂ ಹಾಕೋಣ. ಚದರ ಅಡಿಗೆ ಬರೀ 10 ರೂಪಾಯಿ ಎಂದೇ ಇಟ್ಟುಕೊಳ್ಳಿ. 10 ಅಡಿ ಅಗಲ, 8 ಅಡಿ ಎತ್ತರದ ಫ್ಲೆಕ್ಸ್ ಒಂದಕ್ಕೆ 800 ರೂಪಾಯಿ. ಅಂಥ ಹತ್ತು ಹಾಕಿದರೆ 8,000. ಕಟ್ಟುವ ಮರದ ಚೌಕಟ್ಟು ಬೇರೆ. ಅಷ್ಟು ಹಣಕ್ಕೆ ಐ.ಎಸ್.ಐ. ಗುರುತಿನ ಹೆಲ್ಮೆಟ್‌ಗಳು ಎಷ್ಟು ಬರುತ್ತವೆ ಎಂದು ಅಂಗಡಿಯಲ್ಲಿ ವಿಚಾರಿಸಿ ನೋಡಿ. ಇನ್ನೊಂದು ವಿಷಯವೆಂದರೆ, ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹದಿನೈದು ದಿನವಾದ ಮೇಲೆ ಆ ಫ್ಲೆಕ್ಸ್ ಮೇವಿನ ಬಣವೆಯ ಮೇಲೋ, ದನದ ಕೊಟ್ಟಿಗೆಯ ಮೇಲೋ ಹೊದಿಕೆಯಾಗುತ್ತದೆ. ಪ್ರೀತಿಯ ಅಣ್ಣನ ಮುಖ ಬಿಸಿಲಿಗೆ ಮಸುಕಾಗುವುದನ್ನು ಅವರ ತಾಯಿ ದಾರಿಯಲ್ಲಿ ನೋಡಿಕೊಂಡು ಹೋಗಬೇಕು.

ಸಾವನ್ನು ನೆನೆಯುವುದು ಸುಲಭ, ಕೆಲಸವನ್ನು ನೆನೆಯುವುದು ಕಷ್ಟ. ಇದು ನಮ್ಮೂರಿನ ಮಾತಷ್ಟೇ ಅಲ್ಲ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಕನ್ನಡದ ಹುಡುಗ. ಆಗ ಅವರಿಗೆ 18 ವರ್ಷ, ನಮಗಿಂತ ಒಂದು ವರ್ಷ ದೊಡ್ಡವರು ಅಷ್ಟೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಬಲಿಯಾದರು. ಹಾವೇರಿಯ ರೈಲು ನಿಲ್ದಾಣಕ್ಕೆ ಇವತ್ತು ಅವರ ಹೆಸರಿದೆ. ಗುಂಡೇಟಿನ ಕಥೆ ಎಲ್ಲರಿಗೂ ಗೊತ್ತು. ಆದರೆ ದಂಡಿಗೂ ಹೊಸರಿತ್ತಿಗೂ ನಡುವೆ ಹದಿಮೂರು ವರ್ಷಗಳಿವೆ. ಆ ವರ್ಷಗಳಲ್ಲಿ ಅವರು ಜೈಲಿಗೆ ಹೋದರು, ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು, ಖಾದಿ ಮತ್ತು ಹಳ್ಳಿಯ ಕೆಲಸಕ್ಕೆ ಹುಡುಗರನ್ನು ಸೇರಿಸಿದರು. ಅವರ ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು. ಒಂದು ದಿನದ ಸಾವಿಗೆ ಹದಿಮೂರು ವರ್ಷದ ದುಡಿಮೆ ಮರೆಯಾಗಬಾರದು.

ನಮ್ಮ ತಾಲ್ಲೂಕಿನಲ್ಲೇ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಅಲ್ಲಿನ ಜಾತ್ರೆಯ ಸಮಯದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಹಳ್ಳಿಯ ಜನರ ಮೇಲೆ ಗೋಲಿಬಾರ್ ಆಯಿತು. ಸರ್ಕಾರ ಹೇಳಿದ ಸಂಖ್ಯೆ ಚಿಕ್ಕದು, ಜನ ಹೇಳುವ ಸಂಖ್ಯೆ 32. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆ ಘಟನೆಯ ನಂತರ ವಲ್ಲಭಭಾಯಿ ಪಟೇಲರು ಮೈಸೂರಿಗೆ ಬಂದು ದಿವಾನರ ಜೊತೆ ಮಾತಾಡಿ ಒಪ್ಪಂದ ಮಾಡಿಕೊಂಡರು, ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ದಾರಿಯಾಯಿತು. ಪ್ರವಾಸಕ್ಕೆ ಹೋದಾಗ ನಾವು ಅಲ್ಲಿನ ಸ್ಮಾರಕದ ಮುಂದೆ ಸೆಲ್ಫಿ ತೆಗೆಸಿಕೊಂಡು ಬರುತ್ತೇವೆ. ಸತ್ತವರಲ್ಲಿ ಒಬ್ಬರ ಊರಿನ ಹೆಸರಾದರೂ ಹೇಳು ಎಂದರೆ ಎಷ್ಟು ಜನ ಹೇಳುತ್ತೇವೆ? ಅವರು ನಮ್ಮ ಅಕ್ಕಪಕ್ಕದ ಹಳ್ಳಿಗಳವರೇ.

ನೆನಪನ್ನು ಕೆಲಸದಲ್ಲಿ ಉಳಿಸುವುದು ನಮಗೆ ಹೊಸದಲ್ಲ. ದೀನಿಯಾತ್ ತರಗತಿಯಲ್ಲಿ ಸದ್ಖಾ ಜಾರಿಯಾ ಎಂದು ಕಲಿತಿದ್ದೇವೆ. ಬಾವಿ ತೋಡಿಸಿದವರು, ಮರ ನೆಟ್ಟವರು, ವಿದ್ಯೆ ಕಲಿಸಿದವರು ತೀರಿಕೊಂಡ ಮೇಲೂ ಅದರ ಪುಣ್ಯ ನಿಲ್ಲದೆ ಹರಿಯುತ್ತಿರುತ್ತದೆ ಎಂಬುದು ಅದರ ಅರ್ಥ. ನಮ್ಮ ಹಿಂದೂ ನೆರೆಯವರು ಹಿರಿಯರ ಹೆಸರಿನಲ್ಲಿ ಅರವಟ್ಟಿಗೆ ಇಡುತ್ತಾರೆ, ಅನ್ನ ಹಾಕುತ್ತಾರೆ. ಎರಡೂ ಕಡೆಯ ಅಜ್ಜಿಯರಿಗೆ ಗೊತ್ತಿದ್ದ ವಿಷಯ ಇದು. ಮರೆತಿರುವುದು ನಮ್ಮ ವಯಸ್ಸಿನವರು.

ಫ್ಲೆಕ್ಸ್ ಬಡ ಹುಡುಗರ ಪ್ರೀತಿ, ಅವರಿಗೆ ಬೇರೆ ಏನು ಮಾಡಲು ಸಾಧ್ಯ ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ಅವಳ ಮಾತಿನಲ್ಲಿ ನಿಜವಿದೆ. ದುಃಖಕ್ಕೆ ಒಂದು ರೂಪ ಬೇಕು, ಆ ಹುಡುಗರಿಗೆ ಸಿಕ್ಕ ರೂಪ ಅದೊಂದೇ. ಹಾಗಾದರೆ ಬೇರೆ ರೂಪಗಳನ್ನು ಅವರ ಕೈಗೆ ಕೊಡೋಣ. ಅದಕ್ಕೆ ದುಡ್ಡು ಬೇಡ.

ಮೊದಲನೆಯದು ರಕ್ತದ ಪಟ್ಟಿ. 18 ವರ್ಷ ತುಂಬಿದ, ಕನಿಷ್ಠ 45 ಕಿಲೋ ತೂಕವಿರುವ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಸಂಗ್ರಹಿಸಿದ ರಕ್ತ ಐದಾರು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಅದಕ್ಕೇ ಒಂದು ದಿನದ ಶಿಬಿರಕ್ಕಿಂತ ವರ್ಷವಿಡೀ ಸರಿಯಾಗಿರುವ ಪಟ್ಟಿ ಮುಖ್ಯ. ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ಆಗಿಲ್ಲ, ರಕ್ತ ಕೊಡಲಾಗದು. ಪಟ್ಟಿಯನ್ನಂತೂ ನೋಡಿಕೊಳ್ಳಬಹುದು. ಫೋನ್ ನಂಬರು ಬದಲಾದವರನ್ನು ಹುಡುಕಿ ತಿದ್ದುವುದೇ ದೊಡ್ಡ ಕೆಲಸ.

ಎರಡನೆಯದು ರಸ್ತೆ. ಗಾಯಗೊಂಡವರಿಗೆ ಸಹಾಯ ಮಾಡಿದರೆ ಕೇಸಾಗುತ್ತದೆ ಎಂಬ ಹೆದರಿಕೆಗೆ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರ ರಕ್ಷಣೆಯ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಹೊಸ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಬಲವಂತ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಲು ದುಡ್ಡು ಕೊಡಬೇಕಿಲ್ಲ. ಇಷ್ಟನ್ನು ನಮ್ಮ ಅಬ್ಬಾ, ಚಾಚಾ, ಅಣ್ಣಂದಿರಿಗೆ ಮನೆಯಲ್ಲಿ ಅವರವರ ಭಾಷೆಯಲ್ಲಿ ಹೇಳುವುದು ನಮ್ಮಿಂದ ಆಗುತ್ತದೆ. ಜೊತೆಗೆ ಕಾಲೇಜಿನ ಗೇಟಿನ ಹೊರಗೆ ಬೈಕ್ ನಿಲ್ಲಿಸಿ ಬರುವ ಹುಡುಗರಿಗೂ ಒಂದು ಮಾತು: 18 ಆಗದವರು ಗೇರ್ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಶಿಕ್ಷೆ ವಾಹನದ ಮಾಲೀಕರಿಗೆ, ತಂದೆ ತಾಯಿಗೆ. ದಂಡ 25,000 ರೂಪಾಯಿ, ಮೂರು ವರ್ಷದವರೆಗೆ ಜೈಲೂ ಆಗಬಹುದು.

ಮೂರನೆಯದು ಅರ್ಜಿ ತುಂಬುವ ಕೆಲಸ, ಸಂಜೆಯ ಗಣಿತ. ನಾನು ಹುಡುಗಿ, ಯುವಕ ಸಂಘದ ಸದಸ್ಯಳಲ್ಲ. ನಮ್ಮ ಕಡೆಯ ಸಂಘಗಳಲ್ಲಿ ಹುಡುಗಿಯರಿಗೆ ಜಾಗವಿಲ್ಲ, ಇದ್ದರೂ ಗಣರಾಜ್ಯೋತ್ಸವದ ದಿನ ರಂಗೋಲಿ ಹಾಕುವುದಕ್ಕೆ ಮಾತ್ರ. ಆದರೆ ಅರ್ಜಿ ತುಂಬಲು ಸದಸ್ಯತ್ವ ಬೇಕಿಲ್ಲ. ಉರ್ದು, ತೆಲುಗು, ಕನ್ನಡ ಮೂರೂ ಬರುವ ನಮ್ಮ ಕಾಲೇಜಿನ ಹುಡುಗಿಯರು ಈ ಕೆಲಸಕ್ಕೆ ಎಲ್ಲರಿಗಿಂತ ತಕ್ಕವರು. ಮನೆಯೊಳಗೆ ಬಂದು ತಾಯಂದಿರ ಜೊತೆ ಕೂತು ಕಾಗದ ನೋಡಲು ನಮಗೆ ಯಾರೂ ಅಡ್ಡಿ ಮಾಡುವುದಿಲ್ಲ.

ಇದಕ್ಕೆಲ್ಲ ಒಂದೇ ಒಂದು ಪುಟ ಸಾಕು. ಒಬ್ಬರು ತೀರಿಕೊಂಡಾಗ ಸಂಘದವರು ಎರಡು ಕಾಲಂ ಹಾಕಬೇಕು. ಎಡಗಡೆ ಅವರು ಮಾಡುತ್ತಿದ್ದ ಕೆಲಸಗಳು, ಬಲಗಡೆ ಇನ್ನು ಮುಂದೆ ಅದನ್ನು ಮಾಡುವವರ ಹೆಸರು. ಎರಡೂ ಕಡೆ ಸಮವಾದ ದಿನ ಶ್ರದ್ಧಾಂಜಲಿ ಮುಗಿಯಿತು ಎನ್ನಬಹುದು. ನಮ್ಮ ಎನ್.ಎಸ್.ಎಸ್. ಘಟಕ ಈ ಪುಟವನ್ನು ಸುತ್ತಲ ಊರುಗಳ ಸಂಘಗಳಿಗೆ ಕೊಡಬಹುದೇ ಎಂದು ಉಪನ್ಯಾಸಕರನ್ನು ಕೇಳಿಕೊಳ್ಳುತ್ತೇನೆ.

ಆ ಅಣ್ಣನ ಪುಟವನ್ನು ನಾವು ನಾಲ್ಕು ಜನ ಸೇರಿ ಬರೆದಿದ್ದೇವೆ. ಅರ್ಜಿ ತುಂಬುವ ಕೆಲಸದ ಮುಂದೆ ನನ್ನ ಮತ್ತು ಇನ್ನಿಬ್ಬರ ಹೆಸರಿದೆ. ಗಣಿತದ ಮುಂದೆ ವಿಜ್ಞಾನ ವಿಭಾಗದ ಒಬ್ಬನ ಹೆಸರಿದೆ. ರಕ್ತದ ಪಟ್ಟಿಯ ನೋಟ್‌ಬುಕ್ಕನ್ನು ಅವರ ತಾಯಿ ಎತ್ತಿಟ್ಟಿದ್ದಾರೆ, ಕೊಡುತ್ತೇನೆ ಎಂದಿದ್ದಾರೆ. ಅದರ ಮುಂದೆ ಮಾತ್ರ ಇನ್ನೂ ಯಾರ ಹೆಸರೂ ಇಲ್ಲ.