ಎಷ್ಟು ವೇಗ ಅಲ್ಲ, ಎಷ್ಟು ವರ್ಷ?

ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿರುವ ನನಗೆ ಫೋನೇ ಕಚೇರಿ. ಅರ್ಜಿ, ಹಾಲ್‌ ಟಿಕೆಟ್‌, ಒಟಿಪಿ, ಯುಪಿಐ ಎಲ್ಲವೂ ಅದರಲ್ಲೇ. ಹಳೆಯದು ಕೈಕೊಟ್ಟಾಗ ಆಯ್ಕೆಗೆ ಉಳಿದದ್ದು ಎರಡು: ಸ್ಯಾಮ್‌ಸಂಗ್‌ ಗ್ಯಾಲಕ್ಸಿ ಎ16 5ಜಿ ಮತ್ತು ರೆಡ್‌ಮಿ ನೋಟ್‌ 14 5ಜಿ. 2024ರ ಕೊನೆಯಲ್ಲಿ ಬಂದ ಈ ಎರಡರ ಆರಂಭಿಕ ಬೆಲೆಯೂ 18,999 ರೂಪಾಯಿ.

ಅಂಗಡಿಯಲ್ಲಿ ಕಣ್ಣು ಸೆಳೆದದ್ದು ರೆಡ್‌ಮಿ. 120 ಹರ್ಟ್ಸ್‌ ಪರದೆ, 45 ವ್ಯಾಟ್‌ ಚಾರ್ಜಿಂಗ್‌, ಚಾರ್ಜರ್‌ ಬಾಕ್ಸ್‌ನಲ್ಲೇ. ಸ್ಯಾಮ್‌ಸಂಗ್‌ನದು 90 ಹರ್ಟ್ಸ್‌, 25 ವ್ಯಾಟ್‌. ಚಾರ್ಜರ್‌ ಬೇರೆ ಕೊಳ್ಳಬೇಕು. ಆದರೆ ಕಂಪನಿಗಳು ಹೇಳಿರುವ ಭದ್ರತಾ ಅಪ್‌ಡೇಟ್‌ ರೆಡ್‌ಮಿಗೆ ನಾಲ್ಕು ವರ್ಷ, ಸ್ಯಾಮ್‌ಸಂಗ್‌ಗೆ ಆರು. ಬೆಲೆಯನ್ನು ವರ್ಷಕ್ಕೆ ಭಾಗಿಸಿದರೆ ಕ್ರಮವಾಗಿ 4,750 ಮತ್ತು 3,167 ರೂಪಾಯಿ. ಈ ವರ್ಷಗಳ ಎಣಿಕೆ ಮಾದರಿ ಬಿಡುಗಡೆಯಾದಾಗಿನಿಂದ, ನಾವು ಕೊಂಡ ದಿನದಿಂದಲ್ಲ. ಹಳೆಯ ಮಾದರಿಗೆ ರಿಯಾಯಿತಿ ಸಿಕ್ಕರೂ ಆಯುಷ್ಯ ಕಡಿಮೆ.

ಅಪ್‌ಡೇಟ್‌ ನಿಂತ ಮೇಲೂ ಫೋನ್‌ ನಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾದ ಭದ್ರತಾ ಲೋಪಗಳು ಹಾಗೇ ಉಳಿಯುತ್ತವೆ. ಬ್ಯಾಂಕ್‌ ಖಾತೆ ಜೇಬಿನಲ್ಲಿಟ್ಟು ತಿರುಗುವ ನಮಗೆ ಇದು ಸಣ್ಣ ವಿಷಯವಲ್ಲ. ಟ್ಯೂಷನ್‌ ಹೇಳಿ ಕೂಡಿಟ್ಟ ಇಷ್ಟು ದುಡ್ಡನ್ನು ಮತ್ತೆ ಬೇಗ ಹೊಂದಿಸಲಾರೆ. ಹಾಗಾಗಿ ಸ್ಯಾಮ್‌ಸಂಗ್‌ ಕೊಂಡೆ. ಎರಡೇ ವರ್ಷಕ್ಕೆ ಫೋನ್‌ ಬದಲಿಸುವ ಗೆಳೆಯನಿಗೆ ರೆಡ್‌ಮಿಯೇ ಸರಿ. ನೀವೂ ಕೊಳ್ಳುವ ಮುನ್ನ ಅಪ್‌ಡೇಟ್‌ ಯಾವ ವರ್ಷಕ್ಕೆ ನಿಲ್ಲುತ್ತದೆ ಎಂದು ಕೇಳಿ.