ವಿಜ್ಞಾನ ವಿಚಾರ: ಮಾತೂ ಮುಖವೂ ಕೂಡಿ ಬರುವ ಬಗೆ

ಕೆರೆಯ ಆಚೆಯ ದಡದಲ್ಲಿ ಅಗಸನು ಬಟ್ಟೆಯೊಗೆಯುವುದನ್ನು ವಾಚಕರು ಕಂಡಿರಬಹುದು. ಬಟ್ಟೆಯು ಕಲ್ಲಿಗೆ ಬಡಿದುದು ಮೊದಲು ಕಣ್ಣಿಗೆ ಕಾಣುವುದು; ಶಬ್ದವು ಅನಂತರ ಕಿವಿಗೆ ಬೀಳುವುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರವೇ ಸಾಗುವುದರಿಂದ ಹೀಗಾಗುತ್ತದೆ. ಈ ರೂಢಿಯಿಂದಲೋ ಏನೋ, ಶಬ್ದವು ತುಸು ಹಿಂದೆ ಬಿದ್ದರೆ ನಮ್ಮ ಮನಸ್ಸು ಸೈರಿಸುವುದು; ಮುಂದೆ ಓಡಿದರೆ ಅಷ್ಟಾಗಿ ಸೈರಿಸದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಮೇರೆಗೆ, ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದೊಡನೆಯೇ ನೋಡುವವರಿಗೆ ತಿಳಿಯತೊಡಗುತ್ತದೆ. ಹಿಂದಾದರೆ ಸುಮಾರು 125ರವರೆಗೆ ತಿಳಿಯುವುದಿಲ್ಲ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು.

ಇಷ್ಟು ಸೂಕ್ಷ್ಮವಾದ ಲೆಕ್ಕದಿಂದ ಗೃಹಸ್ಥರಿಗೇನು ಪ್ರಯೋಜನವೆಂದು ಕೇಳಬಹುದು. ಪರದೇಶದಲ್ಲಿರುವ ಮಗನ ಮುಖವನ್ನು ಫೋನಿನಲ್ಲಿ ನೋಡುತ್ತ ಮಾತನಾಡುವುದು ಈಗ ಅನೇಕ ಮನೆಗಳಲ್ಲಿ ನಿತ್ಯದ ಸಂಗತಿಯಾಗಿದೆ. ಕಿವಿ ಮಂದವಾದ ಹಿರಿಯರು ತುಟಿಯ ಚಲನೆಯನ್ನು ನೋಡಿ ಮಾತಿನ ಅರ್ಥವನ್ನು ಪೂರ್ತಿಮಾಡಿಕೊಳ್ಳುತ್ತಾರೆ. ತುಟಿಯೊಂದು ಕಡೆ, ಮಾತೊಂದು ಕಡೆಯಾದರೆ ಅವರಿಗೆ ಸಂಭಾಷಣೆಯೇ ಕೈತಪ್ಪಿ ಹೋಗುವುದು.

ಈ ಎರಡನ್ನೂ ಕೂಡಿಸುವ ಬಗೆಯನ್ನು ತಿಳಿಯಲು ಜಿಸ್ಟ್ರೀಮರ್ ಎಂಬ ಸಾಫ್ಟ್‌ವೇರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1999ರಲ್ಲಿ ಎರಿಕ್ ವಾಲ್ತಿನ್‌ಸೆನ್ ಎಂಬುವರು ಇದನ್ನು ಆರಂಭಿಸಿದರು. ಇದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು. ಇದರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಘಟಕವುಂಟು: ಕ್ಯಾಮರಾದಿಂದ ಚಿತ್ರವನ್ನು ತರುವುದೊಂದು, ಮೈಕಿನಿಂದ ಧ್ವನಿಯನ್ನು ತರುವುದೊಂದು, ಅದನ್ನು ಕುಗ್ಗಿಸುವುದೊಂದು, ತೆರೆಯ ಮೇಲೆ ತೋರಿಸುವುದೊಂದು. ಘಟಕಗಳ ಈ ಜೋಡಣೆಗೆ ಪೈಪ್‌ಲೈನ್ ಎಂದು ಹೆಸರು. ಧ್ವನಿಯೂ ಚಿತ್ರವೂ ಬೇರೆಬೇರೆ ದಾರಿಗಳಲ್ಲಿ ತುಣುಕುತುಣುಕಾಗಿ ಹರಿಯುತ್ತವೆ. ಪ್ರತಿಯೊಂದು ತುಣುಕಿಗೂ ಅದರ ಕಾಲವನ್ನು ಸೂಚಿಸುವ ಗುರುತು ಇರುತ್ತದೆ.

ಆ ಕಾಲವನ್ನು ಯಾವ ಗಡಿಯಾರದಿಂದ ಅಳೆಯಬೇಕು? ಒಂದೇ ಮನೆಯ ಎರಡು ಗಡಿಯಾರಗಳು ಸರಿಯಾಗಿ ಒಂದೇ ನಡಿಗೆಯಲ್ಲಿ ನಡೆಯುವುದು ಅಪರೂಪ. ಹತ್ತು ಸಾವಿರಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 360 ಮಿಲಿಸೆಕೆಂಡಿನ ಅಂತರ ಬೀಳುವುದು. ಆದಕಾರಣ ಇಡೀ ಪೈಪ್‌ಲೈನಿಗೆ ಒಂದೇ ಗಡಿಯಾರವನ್ನು ಆರಿಸಲಾಗುತ್ತದೆ. ಕಡತವನ್ನು ನುಡಿಸುವಾಗ ಇದು ಸಾಮಾನ್ಯವಾಗಿ ಧ್ವನಿಯ ಉಪಕರಣದ ಗಡಿಯಾರವೇ ಆಗಿರುವುದು. ಧ್ವನಿಯ ಎಳೆ ಕಡಿದರೆ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಒಂದು ಚಿತ್ರವು ಕೊಂಚ ತಡೆದು ಬಂದರೆ ಕಣ್ಣು ಮನ್ನಿಸುತ್ತದೆ.

ಇನ್ನು ವಿಳಂಬದ ಮಾತು. ಮೈಕಿನ ಘಟಕವು 20 ಮಿಲಿಸೆಕೆಂಡಿನಷ್ಟು ಧ್ವನಿಯನ್ನು ಕೂಡಿಸಿದ ಮೇಲೆಯೇ ತುಣುಕನ್ನು ಮುಂದಕ್ಕೆ ಕೊಡುವುದೆನ್ನಿ. ಸೊನ್ನೆಯ ಗುರುತುಳ್ಳ ತುಣುಕು ಹೊರಡುವಾಗಲೇ 20ರಷ್ಟು ತಡವಾಗಿರುತ್ತದೆ. ಇದನ್ನು ತಪ್ಪಿಸಲಾಗದು. ಆದುದರಿಂದ ಪೈಪ್‌ಲೈನು ಪ್ರತಿಯೊಂದು ದಾರಿಯನ್ನೂ ‘ನಿನಗೆಷ್ಟು ಕಾಲ ಬೇಕು?’ ಎಂದು ಮೊದಲೇ ವಿಚಾರಿಸುವುದು. ಧ್ವನಿಯ ದಾರಿ 30 ಎಂದು, ಚಿತ್ರದ ದಾರಿ 80 ಎಂದು ಉತ್ತರಿಸಿದರೆ, ಎರಡಕ್ಕೂ 80ನ್ನೇ ವಿಧಿಸುವುದು. ಪಂಕ್ತಿಯ ಊಟದಲ್ಲಿ ಕೊನೆಯ ಎಲೆಗೆ ಬಡಿಸುವವರೆಗೆ ಮೊದಲ ಎಲೆಯವನು ಕೈಯಿಡದೆ ಕಾಯುವುದಿಲ್ಲವೇ? ಹಾಗೆಯೇ ಧ್ವನಿಯು 50 ಮಿಲಿಸೆಕೆಂಡು ಕಾದಿರುವುದು. ಅಷ್ಟು ಹೊತ್ತು ಧ್ವನಿಯನ್ನು ಕೂಡಿಟ್ಟುಕೊಳ್ಳಲು ಆ ದಾರಿಯಲ್ಲಿ ಎಡೆಯಿಲ್ಲದಿದ್ದರೆ ಹೊಂದಾಣಿಕೆ ಸಾಧ್ಯವಾಗದು.

ಜಾಲದ ಮೂಲಕ ಬರುವ ತುಣುಕುಗಳು ಒಮ್ಮೆ ಗುಂಪಾಗಿ, ಒಮ್ಮೆ ಬಿಡಿಯಾಗಿ ಬರುವುದರಿಂದ, ಅವನ್ನು ಹಿಡಿದಿಟ್ಟು ಸಮನಾಗಿ ಬಿಡುವ ಘಟಕವೊಂದುಂಟು. ಬೇರೆ ಹೇಳದಿದ್ದರೆ ಅದು 200 ಮಿಲಿಸೆಕೆಂಡು ಹಿಡಿದಿಡುವುದು. ಹೆಚ್ಚು ಹಿಡಿದರೆ ಮಾತು ಕಡಿಯದೆ ಬರುವುದು. ಆದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತನಾಡತೊಡಗುವರು. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮಾತು ತಲಪಿದರೆ ಬಹುಮಟ್ಟಿಗೆ ತೊಡಕಿಲ್ಲ, 400ನ್ನು ಮೀರಬಾರದು ಎಂಬುದು ಅದೇ ಒಕ್ಕೂಟದ ಇನ್ನೊಂದು ಶಿಫಾರಸು.

ಕೆಲಸದ ನಡುವೆ ಸ್ಥಿತಿಗತಿಗಳು ಬದಲಾದರೆ? ಅದಕ್ಕಾಗಿ ಬಸ್ ಎಂಬ ಸಂದೇಶಗಳ ಹಾದಿಯೊಂದನ್ನು ಇಟ್ಟಿದ್ದಾರೆ. ಘಟಕಗಳು ತಮ್ಮ ಕೆಲಸವನ್ನು ನಿಲ್ಲಿಸದೆ ಅದರಲ್ಲಿ ಸಂದೇಶವನ್ನು ಹಾಕುವುವು. ಮುಖ್ಯ ಕಾರ್ಯಕ್ರಮವು ಅವನ್ನು ತೆಗೆದು ಓದುವುದು. ದೋಷವಾಯಿತು, ವಿಳಂಬ ಬದಲಾಯಿತು, ಆರಿಸಿದ ಗಡಿಯಾರವು ಕೈಬಿಟ್ಟಿತು ಎಂಬಿವೇ ಆ ಸಂದೇಶಗಳು. ‘ಮುಗಿಯಿತು’ ಎಂಬ ಸಂದೇಶವಾದರೋ, ಧ್ವನಿ ಮತ್ತು ಚಿತ್ರಗಳ ಕೊನೆಯ ಘಟಕಗಳೆರಡೂ ಮುಗಿಸಿದ ಮೇಲೆಯೇ ಬರುತ್ತದೆ. ಒಂದು ದಾರಿಯ ವಿಳಂಬವು 80ರಿಂದ 120ಕ್ಕೆ ಏರಿತೆನ್ನಿ. ಕಾರ್ಯಕ್ರಮವು ಆ ಸಂದೇಶವನ್ನು ಓದಿ ಲೆಕ್ಕವನ್ನು ಮತ್ತೆ ಮಾಡಿಸದಿದ್ದರೆ, ತಡವಾಗಿ ಬಂದ ತುಣುಕುಗಳು ವ್ಯರ್ಥವಾಗಿ ಬಿಸುಡಲ್ಪಡುವುವು. ಘಟಕಗಳೆಲ್ಲವೂ ನೆಟ್ಟಗಿದ್ದರೂ, ಓದದೆ ಉಳಿದ ಒಂದು ಸಂದೇಶದಿಂದ ಚಿತ್ರವು ಮುಗ್ಗರಿಸುವುದು.

ಇದರಿಂದ ಮನೆಯಲ್ಲಿ ಉಪಯೋಗಕ್ಕೆ ಬರುವ ಎರಡು ಸಂಗತಿಗಳನ್ನು ಹೇಳಬಹುದು. ತಂತಿಯಿಲ್ಲದ ಬ್ಲೂಟೂತ್ ಸ್ಪೀಕರು ತನ್ನದೇ ಆದ ವಿಳಂಬವನ್ನು ಸೇರಿಸುತ್ತದೆ. ಅದನ್ನು ಸರಿಯಾಗಿ ತಿಳಿಸದಿದ್ದರೆ ಧ್ವನಿಯು ಹಿಂದೆ ಬೀಳುವುದು. ತುಟಿ ನೋಡಿ ಕೇಳುವ ಹಿರಿಯರಿಗಾಗಿ ತಂತಿಯ ಸ್ಪೀಕರನ್ನು ಜೋಡಿಸುವುದು ಲೇಸು. ಎರಡನೆಯದಾಗಿ, ದೂರದವರೊಡನೆ ಮಾತನಾಡುವಾಗ ಒಂದು ಮಾತು ಮುಗಿದ ಮೇಲೆ ಕ್ಷಣಕಾಲ ಸುಮ್ಮನಿದ್ದು, ಅವರ ಉತ್ತರಕ್ಕೆ ಎಡೆಗೊಡಬೇಕು. ವಿಳಂಬವು ಪೂರ್ತಿಯಾಗಿ ಹೋಗುವಂಥದಲ್ಲ. ಅದನ್ನು ಮೊದಲೇ ತಿಳಿಸಿ, ಎಲ್ಲರೂ ಅದಕ್ಕೆ ಒಪ್ಪಿ ನಡೆದರೆ ಅದರಿಂದ ಕೇಡಿಲ್ಲ.