ದವಾಖಾನಿ ಮದ್ದು ಹೊಲಕ್ಕೆ ಸುರಿಬ್ಯಾಡ್ರಿ

ಶೇಂಗಾಕ್ಕೆ ತಿಕ್ಕಾ ರೋಗ ಬಂದರೆ ನಾವು ಎಣ್ಣೆ ಹೊಡಿತೀವಿ. ಡಬ್ಬಿ ಮ್ಯಾಲೆ ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಅಂತ ಇರತೈತಿ. ಮನುಷ್ಯರ ಬೂಸ್ಟುರೋಗಕ್ಕೆ ಡಾಕ್ಟರು ಕೊಡುವ ಮಾತ್ರೆ ಇಟ್ರಾಕೊನಜೋಲ್, ವೊರಿಕೊನಜೋಲ್. ಹೆಸರಿನ ಬಾಲ ಒಂದೇ, ಕುಲವೂ ಒಂದೇ. ಬೂಸ್ಟಿನ ಮೈಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬು ತಯಾರಾಗದಂತೆ ಎರಡೂ ತಡೆಯುತ್ತವೆ.

ಹೊಲದಾಗ ವರ್ಷ ವರ್ಷ ಒಂದೇ ಪೆಟ್ಟು ತಿಂದ ಬೂಸ್ಟು ಆ ಪೆಟ್ಟಿಗೆ ಜಗ್ಗದಂಗ ಆಗತೈತಿ. ಆಸ್ಪರ್ಜಿಲಸ್ ಎಂಬ ಬೂಸ್ಟಿನಲ್ಲಿ ಇದನ್ನು ಹಾಲೆಂಡಿನಲ್ಲೂ ನಮ್ಮ ದೇಶದಲ್ಲೂ ಕಂಡಿದ್ದಾರೆ. ಅದರ ಕಣ ಗಾಳಿಯಲ್ಲಿ ಹಾರಿ, ಶಕ್ತಿಗುಂದಿದವರ ಪುಪ್ಪಸ ಸೇರಿದರೆ ಮಾತ್ರೆಗೂ ಜಗ್ಗೋದಿಲ್ಲ.

ಬೇರೆ ಮದ್ದು ಬಹಳಿಲ್ಲ. ಬೂಸ್ಟಿನ ಜೀವಕೋಶ ನಮ್ಮ ಜೀವಕೋಶದಂಗೇ ಇರತೈತಿ. ಅದನ್ನು ಕೊಂದು ನಮ್ಮನ್ನು ಉಳಿಸುವ ಮರ್ಮಸ್ಥಾನ ಸಿಗೋದು ಕಷ್ಟ. 2021ರಲ್ಲಿ ಕೊರೊನಾ ಬೆನ್ನಿಗೆ ಬ್ಲ್ಯಾಕ್ ಫಂಗಸ್ ಬಂದಾಗ ಜನ ಆಂಫೊಟೆರಿಸಿನ್-ಬಿ ಸಿಗದೆ ಅಲೆದರು. ಅದು 1950ರ ದಶಕದಾಗ ಹುಡುಕಿದ ಮದ್ದು! ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 19 ಅಪಾಯದ ಬೂಸ್ಟುಗಳ ಪಟ್ಟಿ ಮಾಡಿ, ಹೊಸ ಮದ್ದು ಹುಡುಕಿರೆಂದು ಕೇಳಿತು.

ವಿಜ್ಞಾನಿಗಳು ಒಂದು ಹೊಸ ಮರ್ಮ ಹುಡುಕಿದರು: ಬೂಸ್ಟು ಬೆಳೆಯಲು ಬೇಕಾದ ಡಿಎಚ್‌ಒಡಿಎಚ್ ಎಂಬ ಕಿಣ್ವ. ಅದಕ್ಕೆ ಹೊಡೆಯುವ ಓಲೊರೊಫಿಮ್ ಎಂಬ ಮದ್ದು ಇನ್ನೂ ಪರೀಕ್ಷೆಯಲ್ಲಿ ಇರುವಾಗಲೇ, ಅದೇ ಮರ್ಮಕ್ಕೆ ಹೊಡೆಯುವ ಇಪ್‌ಫ್ಲುಫೆನೊಕ್ವಿನ್ ಎಂಬ ಬೆಳೆಯ ಎಣ್ಣೆಗೆ ಅಮೆರಿಕ 2022ರಲ್ಲಿ ಅನುಮತಿ ಕೊಟ್ಟಿತು. ಇದೆಂಥ ನ್ಯಾಯ? ರೋಗಿಯ ಬಾಯಿಗೆ ಬೀಳುವ ಮೊದಲೇ ಮದ್ದಿನ ಗುಟ್ಟನ್ನು ವೈರಿಗೆ ಕಲಿಸಿದಂಗಲ್ಲವೇ?

"ಬೆಳೆ ಹೋದರೆ ನಮ್ಮ ಹೊಟ್ಟೆಗೇನು?" ಅಂತೀರಿ. ಸರಿಯಾದ ಮಾತು. ನಾನೂ ಬೇಸಾಯದವನೇ. ಎಣ್ಣೆಯೇ ಬ್ಯಾಡ ಅನ್ನೋದಿಲ್ಲ. ಶೇಂಗಾ ಆದ ಹೊಲಕ್ಕೆ ಜೋಳ ಹಾಕ್ರಿ, ರೋಗದ ಕಸ ಹೊಲದಾಗ ಬಿಡಬ್ಯಾಡ್ರಿ, ಬೀಜಕ್ಕೆ ಟ್ರೈಕೊಡರ್ಮಾ ಹಚ್ಚಿ ಬಿತ್ರಿ. ಅಂಗಡಿಯವನು ಕೊಟ್ಟಿದ್ದನ್ನೆಲ್ಲ ಕಲಸಿ ಹೊಡಿಬ್ಯಾಡ್ರಿ.

ಆದರೆ ಬರೀ ರೈತನನ್ನ ಬೈದರೆ ಸಾಲದು. ಎಣ್ಣೆಗೆ ಅನುಮತಿ ಕೊಡೋದು ಕೃಷಿ ಇಲಾಖೆ ಕಡೆಯವರು, ಮಾತ್ರೆಗೆ ಆರೋಗ್ಯ ಇಲಾಖೆಯವರು. ಇಬ್ಬರೂ ಒಂದೇ ಚಾಪೆ ಮ್ಯಾಲೆ ಕುಂತು ಮೊದಲು ಇದನ್ನ ಕೇಳಲಿ: ಈ ಎಣ್ಣೆ ಹೊಡೆಯುವ ಮರ್ಮ ಮನುಷ್ಯರ ಮದ್ದಿಗೂ ಬೇಕೇನು? ಬೇಕು ಅಂದರೆ ಹೊಲಕ್ಕೆ ಬ್ಯಾಡ. ಬೆಳೆ ಒಂದು ವರ್ಷ ಹೋದರೆ ಮುಂದಿನ ಮುಂಗಾರಿಗೆ ಬಿತ್ತಬಹುದು. ಹೋದ ಮನುಷ್ಯನನ್ನ ಯಾವ ಮಳಿಗೆ ಬಿತ್ತೋಣ?